ಮೊದಲು ಇದ್ದಿಲು, ಆಮೇಲೆ ಬಾಡು

ಬೆಂಗಳೂರಿನಲ್ಲಿ ಬಾರ್ಬೆಕ್ಯೂ ಹೋಟೆಲ್ ತೆರೆಯಲು ಹೊರಟವರ ಖರ್ಚಿನ ಪಟ್ಟಿ ನೋಡಿ. ಮೇಜಿನ ನಡುವೆ ಕೂರಿಸುವ ಗ್ರಿಲ್ ಇರುತ್ತದೆ, ತೂಗುದೀಪ ಇರುತ್ತದೆ, ಬಡಿಸುವ ಹುಡುಗರ ಏಪ್ರನ್ನಿನ ಬಣ್ಣವೂ ಇರುತ್ತದೆ. ಇದ್ದಿಲು ಮಾತ್ರ ‘ಇತರೆ’ ಎಂಬ ಸಾಲಿನಲ್ಲಿ ಅಡಗಿರುತ್ತದೆ.

ಕಟ್ಟಿಗೆ ಇದ್ದಿಲಿನಲ್ಲಿ ನನ್ನ ಮತ ಬಳ್ಳಾರಿ ಜಾಲಿಗೆ. ಕೆರೆಯಂಗಳ ನುಂಗಿದ ಪರದೇಶಿ ಗಿಡವೆಂದು ರೈತರು ಬೈಯುತ್ತಾರೆ, ಬೈಗುಳ ನ್ಯಾಯವೇ. ಆದರೆ ಅದರ ಗಟ್ಟಿ ಕಟ್ಟಿಗೆಯ ಇದ್ದಿಲಿನ ಕಾವು ಬಲು ಜೋರು. ತಮಿಳುನಾಡಿನ ರಾಮನಾಥಪುರದ ಕಡೆ ಇದನ್ನು ಸುಡುವುದೇ ಎಷ್ಟೋ ಮನೆಗಳ ಕಸುಬು. ಎರಡು ತುಂಡು ತಾಗಿಸಿದರೆ ಠಣ್ ಎನ್ನಬೇಕು. ಸದ್ದು ಮಂದವಾಗಿದ್ದರೆ ಒಂದೋ ತೇವ, ಇಲ್ಲವೇ ಅರೆಬೆಂದ ಕಟ್ಟಿಗೆ. ಅದರ ಹೊಗೆ ಕಣ್ಣಿಗೂ ಹತ್ತುತ್ತದೆ, ಬಾಡಿಗೂ ಹತ್ತುತ್ತದೆ. ಚೀಲವನ್ನು ಸುರಿಸಿ ನೋಡದೆ ದುಡ್ಡು ಕೊಡಬೇಡಿ. ತಳದಲ್ಲಿ ಪುಡಿಯೇ ಹೆಚ್ಚಿದ್ದರೆ ವಾಪಸ್ ಕಳಿಸಿ.

ಮೇಜಿನ ಗ್ರಿಲ್ಲಿಗಾದರೆ ತೆಂಗಿನ ಚಿಪ್ಪಿನ ಇದ್ದಿಲೇ ಸರಿ. ಹೊತ್ತಿಕೊಳ್ಳಲು ಸತಾಯಿಸುತ್ತದೆ, ಹೊತ್ತಿದ ಮೇಲೆ ಹೊಗೆ ಕಮ್ಮಿ, ಕಾವು ಒಂದೇ ಸಮ. ಕೊಬ್ಬರಿ ಪೇಟೆಯ ತಿಪಟೂರಿನ ಸುತ್ತ ಚಿಪ್ಪಿಗೇನು ಬರ? ಇದ್ದಿಲು ಗಾಳಿಯಲ್ಲಿನ ತೇವವನ್ನೂ ಹೀರುತ್ತದೆ. ಹಾಗಾಗಿ ಮಳೆಗಾಲದ ದಾಸ್ತಾನನ್ನು ಮೇ ತಿಂಗಳಲ್ಲೇ ತರಿಸಿ, ನೆಲಕ್ಕೆ ತಾಗದಂತೆ ಇಡಿ. ಹೊಗೆಕೊಳವೆಯಲ್ಲಿ ಜಿಪುಣತನ ಮಾತ್ರ ಬೇಡ. ಕೆಂಡದಿಂದೇಳುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು.

ಇನ್ನು ಬಾಡು. ಕುರಿಯೆಂದರೆ ಬನ್ನೂರು. ಗಿಡ್ಡ ಕಾಲಿನ ಈ ತಳಿಯ ಮಾಂಸದ ಎಳೆಗಳ ನಡುವೆಯೇ ಕೊಬ್ಬು ಇರುವುದರಿಂದ ಕೆಂಡದ ಮೇಲೂ ರಸ ಉಳಿಯುತ್ತದೆ. ಅಪ್ಪಟ ಬನ್ನೂರು ಕುರಿ ಈಗ ವಿರಳ, ಅದರ ಹೆಸರು ಬರೆದ ಬೋರ್ಡು ಧಾರಾಳ. ಮೆನು ಅಚ್ಚು ಹಾಕಿಸುವ ಮುನ್ನ ಒಮ್ಮೆ ಕುರಿ ದೊಡ್ಡಿಗೇ ಹೋಗಿ ಬನ್ನಿ. ಕೋಳಿಯಲ್ಲಿ ತೊಡೆ ಮಾಂಸ ಕೊಳ್ಳಿ. ಎದೆ ಮಾಂಸ ತುಸು ಹೆಚ್ಚು ಬೆಂದರೂ ತೆಂಗಿನ ನಾರು.

ಗೋಡೆಯ ಮೇಲೆ ಪಂಚಾಂಗವಿರುವ ಕ್ಯಾಲೆಂಡರ್ ಇರಲಿ. ಯುಗಾದಿ ಮಾರನೆಯ ಹೊಸತೊಡಕಿಗೆ ಮಾಂಸದಂಗಡಿ ಮುಂದೆ ನಸುಕಿನಿಂದಲೇ ಸಾಲು. ನಿನ್ನೆ ಮೊನ್ನೆ ಪರಿಚಯವಾದ ನಿಮಗೆ ಅಂದು ಒಳ್ಳೆಯ ತೊಡೆ ಸಿಕ್ಕುವುದು ಸುಳ್ಳು. ಶ್ರಾವಣದಲ್ಲಿ ಎಷ್ಟೋ ಮನೆಗಳು ಬಾಡು ಮುಟ್ಟುವುದಿಲ್ಲ. ಗಾಂಧಿ ಜಯಂತಿ, ಶಿವರಾತ್ರಿಯಂಥ ದಿನಗಳಲ್ಲಿ ಪಾಲಿಕೆಯೇ ಮಾಂಸ ಮಾರಾಟ ನಿಷೇಧಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ‘ಮಂಗಳೂರಿನ ತಾಜಾ ಅಂಜಲ್’ ಎಂದು ಬರೆದ ಹೋಟೆಲಿನ ಮಿಕ್ಕ ಮಾತುಗಳನ್ನೂ ನಾನು ನಂಬುವುದಿಲ್ಲ.

ಬಾಗಿಲು ತೆರೆಯಲು ತಿಂಗಳು ಕೇಳಿದರೆ, ಕಾರ್ತಿಕ ಕಳೆದ ಮೇಲೆ, ಡಿಸೆಂಬರ್ ಎನ್ನುತ್ತೇನೆ. ಇದ್ದಿಲು ಒಣಗಿರುತ್ತದೆ, ಮೀನು ಬರುತ್ತಿರುತ್ತದೆ, ಚಳಿಗೆ ಕೆಂಡದ ಮುಂದೆ ಕೂರಲು ಗಿರಾಕಿಯೂ ಸಿಗುತ್ತಾನೆ.