ಇಬ್ಬನಿ ಕುಡಿಯುವವರಿಗೆ ಬಾವಿ ಯಾಕೆ?

'ದಿ ಗಾಡ್ಸ್ ಮಸ್ಟ್ ಬಿ ಕ್ರೇಜಿ' ನೋಡಿ ನಗದವರು ಕಡಿಮೆ. ನಗು ತಪ್ಪಲ್ಲ. ಆದರೆ ಯಾರನ್ನು ನೋಡಿ, ಯಾರ ಪಕ್ಕ ಕೂತು ನಗುತ್ತಿದ್ದೇವೆ ಅಂತ ಕೇಳಲೇಬೇಕು. ಹೆಬ್ಬೆಟ್ಟು ಒತ್ತಿದವರ ಮನೆಯಿಂದ ಬಂದ ನಮ್ಮನ್ನು ಯಾರಾದರೂ 'ಮುಗ್ಧರು' ಎಂದು ಹೊಗಳಿದರೆ ನಮಗೆ ಮೊದಲು ಅನುಮಾನವೇ ಬರುತ್ತದೆ.

ದಕ್ಷಿಣ ಆಫ್ರಿಕಾದ ಬಿಳಿಯ ನಿರ್ದೇಶಕ ಜೇಮಿ ಉಯ್ಸ್ 1980ರಲ್ಲಿ ತೆಗೆದ ಚಿತ್ರ ಇದು. ಕಲಹಾರಿಯ ಬೇಟೆಗಾರರ ನಡುವೆ ವಿಮಾನದಿಂದ ಒಂದು ಕೋಕಾಕೋಲಾ ಬಾಟಲಿ ಬೀಳುತ್ತದೆ. ಇರುವುದು ಒಂದೇ, ಎಲ್ಲರಿಗೂ ಬೇಕು. ಜಗಳ ಹುಟ್ಟುತ್ತದೆ. ಅದನ್ನು ಭೂಮಿಯ ಅಂಚಿನಾಚೆ ಎಸೆಯಲು ಷಿ ಎಂಬವನು ಹೊರಡುತ್ತಾನೆ. ಇದಿಷ್ಟೂ ಕಟ್ಟುಕತೆ ಅಂದಿದ್ದರೆ ನಮ್ಮ ತಕರಾರಿಲ್ಲ. ಆದರೆ ಚಿತ್ರ ಶುರುವಾಗುವುದು ಸಾಕ್ಷ್ಯಚಿತ್ರದ ಗಂಭೀರ ದನಿಯಲ್ಲಿ: ಇವರಿಗೆ ಕಾನೂನು ಗೊತ್ತಿಲ್ಲ, ಪೊಲೀಸು ಗೊತ್ತಿಲ್ಲ, ಧಣಿ ಗೊತ್ತಿಲ್ಲ, ಎಲೆಯ ಮೇಲಿನ ಇಬ್ಬನಿ ಕುಡಿದು, ಗೆಡ್ಡೆ ಅಗೆದು ಸುಖವಾಗಿದ್ದಾರೆ.

ಷಿ ಪಾತ್ರ ಮಾಡಿದವನು ನ್ಕಾವ್. (ಹೆಸರಿನ ನಡುವೆ ನಾಲಿಗೆ ಲೊಚಗುಟ್ಟುವ ಒಂದು ಸದ್ದುಂಟು, ನಮ್ಮ ಐವತ್ತು ಚಿಲ್ಲರೆ ಅಕ್ಷರಕ್ಕೆ ಅದು ಸಿಕ್ಕುವುದಿಲ್ಲ.) ಧಣಿಯೇ ಗೊತ್ತಿಲ್ಲದ ಈ ಮನುಷ್ಯ ಅದಕ್ಕೂ ಮೊದಲು ತ್ಸುಮ್ಕ್ವೆ ಎಂಬಲ್ಲಿ ಶಾಲೆಯ ಅಡುಗೆಯವನಾಗಿದ್ದ! ಇವತ್ತಿನ ನಮೀಬಿಯಾದ ಈಶಾನ್ಯದ ಒಣ ಸವನ್ನಾದಲ್ಲಿ, ಆಗ ಅಲ್ಲಿ ಆಳುತ್ತಿದ್ದ ವರ್ಣಭೇದದ ಸರ್ಕಾರ ಜುಹ್ವಾನ್ಸಿ ಜನರನ್ನು ತಂದು ಗುಡ್ಡೆ ಹಾಕಿದ ಊರು ಅದು. ಪಡಿಹಿಟ್ಟು, ಕ್ಷಯ, ಹೆಂಡ. 1978ರಿಂದ ಇದೇ ಜನರನ್ನು ಸೈನ್ಯಕ್ಕೂ ಸೇರಿಸಿಕೊಂಡರು, ನಮೀಬಿಯಾದ ಬಿಡುಗಡೆಗೆ ಹೋರಾಡುತ್ತಿದ್ದ ಸ್ವಾಪೋ ವಿರುದ್ಧ ಕಾದಾಡಲಿಕ್ಕೆ. ಉಯ್ಸ್ ಚಿತ್ರದಲ್ಲೂ ಗೆರಿಲ್ಲಾಗಳಿದ್ದಾರೆ, ಪೆದ್ದು ಕೋಡಂಗಿಗಳಾಗಿ. ಅದನ್ನು ಬರೀ ಹಾಸ್ಯ ಅನ್ನುವವರ ಜೊತೆ ನಮಗೆ ಮಾತಿಲ್ಲ.

ಅದೇ 1980ರಲ್ಲಿ ಇನ್ನೊಂದು ಚಿತ್ರ ಬಂತು. ಜಾನ್ ಮಾರ್ಷಲ್ ಮತ್ತು ಏಡ್ರಿಯನ್ ಮೀಸ್ಮರ್ ಮಾಡಿದ ಈ ಸಾಕ್ಷ್ಯಚಿತ್ರ ನೈ ಎಂಬ ಜುಹ್ವಾನ್ಸಿ ಹೆಂಗಸಿನ ಕತೆ. 1951ರಿಂದ ತೆಗೆದಿಟ್ಟ ದೃಶ್ಯಗಳಲ್ಲಿ ಅವಳು ಹುಡುಗಿಯಾಗಿ ಓಡುತ್ತಾಳೆ. 1978ರ ಹೊತ್ತಿಗೆ ತ್ಸುಮ್ಕ್ವೆಯಲ್ಲಿ ಕೂತು ಹಾಡು ಕಟ್ಟಿ ಹೇಳುತ್ತಾಳೆ. ಇದೂ ಬಿಳಿಯರ ಕ್ಯಾಮೆರಾವೇ, ಅವಳ ಮಾತಿನ ಮೇಲೆ ಇಂಗ್ಲಿಷ್ ದನಿಯೇ ಕೂತಿದೆ. 1957ರಲ್ಲಿ 'ದಿ ಹಂಟರ್ಸ್' ತೆಗೆದು ಜಿರಾಫೆ ಬೇಟೆಯನ್ನೇ ಆ ಜನರ ಇಡೀ ಬದುಕು ಅನ್ನುವಂತೆ ತೋರಿಸಿದವನೂ ಇದೇ ಮಾರ್ಷಲ್. ಆದರೂ ನೈ ಚಿತ್ರ ಉಯ್ಸ್ ಎಂದೂ ಮಾಡದ ಕೆಲಸ ಮಾಡುತ್ತದೆ: ಉಯ್ಸ್ ಚಿತ್ರೀಕರಣವನ್ನೇ ತೋರಿಸಿಬಿಡುತ್ತದೆ. ಅಲ್ಲಿ ಆ 'ಮುಗ್ಧರು' ನಿರ್ದೇಶಕ ಹೇಳಿದಂತೆ ಮತ್ತೆ ಮತ್ತೆ ನಟಿಸುತ್ತಿದ್ದಾರೆ. ಆಮೇಲೆ ನೈಗೆ ಬಂದ ಸಿನಿಮಾ ದುಡ್ಡಿಗಾಗಿ ನೆಂಟರಿಷ್ಟರ ಹೊಟ್ಟೆಕಿಚ್ಚು, ಜಗಳ. ಹಾಗಾದರೆ ಬಾಟಲಿ ಬಿದ್ದದ್ದು ವಿಮಾನದಿಂದಲ್ಲ, ಚಿತ್ರ ತೆಗೆಯಲು ಬಂದವರ ಜೇಬಿನಿಂದ.

ಉಯ್ಸ್ ಚಿತ್ರದಲ್ಲಿ ಒಬ್ಬ ಬಿಳಿಯ ವಿಜ್ಞಾನಿ ಇದ್ದಾನೆ, ಆನೆ ಲದ್ದಿಯ ಸಂಶೋಧಕ. ಆನೆ ಬಗ್ಗೆ ಚಿತ್ರದ ತಿಳುವಳಿಕೆ ಲದ್ದಿಯಾಚೆ ಹೋಗುವುದಿಲ್ಲ. ಅಲ್ಲಿನ ಜನಕ್ಕೆ ಆನೆ ಅಂದರೆ ಬಾಯಾರಿ ಬಂದು ನೀರಿನ ಪಂಪು ಕಿತ್ತುಹಾಕುವ ಜೀವ. ಪಂಪಿನ ಸುತ್ತ ಗೋಡೆ ಕಟ್ಟಿ ಕಾಯಬೇಕು. ಸಿಂಹ ಅಂದರೆ ಇರುವ ನಾಲ್ಕು ದನ ತಿನ್ನುವ ಮೃಗ. ಎಂಬತ್ತರ ದಶಕದಲ್ಲಿ ಆ ನೆಲವನ್ನು ಅಭಯಾರಣ್ಯ ಮಾಡುವ ಯೋಜನೆ ಬಂದಾಗ ಅಧಿಕಾರಿಗಳ ಲೆಕ್ಕ ಹೀಗಿತ್ತು: ಪ್ರಾಣಿಗಳ ಜೊತೆ ಇವರೂ ಇರಲಿ, ಆದರೆ ಬಿಲ್ಲು ಬಾಣ ಹಿಡಿದು, ಪ್ರವಾಸಿಗರ ಕಣ್ಣಿಗೆ ಒಪ್ಪುವ ಹಾಗೆ. ದನ ಬೇಡ, ಹೊಲ ಬೇಡ. ಜುಹ್ವಾನ್ಸಿಗಳು ಒಪ್ಪಲಿಲ್ಲ. ನಾವು ದನ ಕಟ್ಟುತ್ತೇವೆ ಅಂತ ನಿಂತು, 1986ರಲ್ಲಿ ರೈತರ ಸಂಘ ಕಟ್ಟಿದರು. ಅಭಯಾರಣ್ಯ ಬರಲಿಲ್ಲ. 1998ರಲ್ಲಿ ಬಂದದ್ದು ನ್ಯಾಯ್ ನ್ಯಾಯ್ ಸಂರಕ್ಷಣಾ ಪ್ರದೇಶ, ಆ ಜನರದೇ ಆಡಳಿತದಲ್ಲಿ. ನಾಗರಹೊಳೆಯ ಜೇನುಕುರುಬರ ಎತ್ತಂಗಡಿ ಬಲ್ಲವರಿಗೆ ಈ ಹಠದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಗಡಿಯಾಚೆ ಬೋಟ್ಸ್ವಾನಾದಲ್ಲಿ ಇಷ್ಟೂ ಆಗಲಿಲ್ಲ. ಮಧ್ಯ ಕಲಹಾರಿ ಅಭಯಾರಣ್ಯದಿಂದ 1997ರಲ್ಲಿ, ಮತ್ತೆ 2002ರಲ್ಲಿ ಸಾನ್ ಜನರನ್ನು ಲಾರಿಗೆ ತುಂಬಿ ಸಾಗಿಸಿದರು. ಮೊತೊಮೆಲೊ ಎಂಬಲ್ಲಿದ್ದ ಕೊಳವೆಬಾವಿ ಮುಚ್ಚಿದರು. ಜನ ಕೋರ್ಟಿಗೆ ಹೋಗಿ 2006ರಲ್ಲಿ ಗೆದ್ದರು: ವಾಪಸು ಹೋಗಬಹುದು. ಹೋದರೆ ನೀರಿಲ್ಲ. ಬಾವಿ ತೆರೆಸಿಕೊಡುವುದು ತನ್ನ ಕೆಲಸ ಅಲ್ಲ ಅಂದಿತು ಸರ್ಕಾರ. ಅಷ್ಟರಲ್ಲಿ ಅದೇ ಅಭಯಾರಣ್ಯದೊಳಗೆ ಸಫಾರಿ ಅತಿಥಿಗಳಿಗೆ ಒಂದು ತಂಗುದಾಣ ಎದ್ದಿತು, ಈಜುಕೊಳದ ಸಮೇತ.

ಇಬ್ಬನಿ ಕುಡಿದು ಬದುಕುವವರು ಎಂದು ಒಮ್ಮೆ ತೆರೆಯ ಮೇಲೆ ಮೂಡಿದ ಜನಕ್ಕೆ ಬಾವಿ ಯಾಕೆ ಬೇಕು, ಅಲ್ಲವಾ? ಉಯ್ಸ್ ಬಾವಿ ಮುಚ್ಚಿಸಿದ ಅಂತ ನಾವು ಹೇಳುತ್ತಿಲ್ಲ. ಬಾವಿ ಮುಚ್ಚಿದಾಗ ಜಗತ್ತಿಗೆ ಅದು ದೊಡ್ಡ ಅನ್ಯಾಯವಾಗಿ ಕಾಣದಂತೆ ಅವನ ಚಿತ್ರ ಕಣ್ಣುಗಳನ್ನು ಪಳಗಿಸಿತ್ತು ಅನ್ನುತ್ತಿದ್ದೇವೆ. ತಮ್ಮ ಖರ್ಚಿನಲ್ಲಿ ಬಾವಿ ತೆಗೆಸಿಕೊಳ್ಳಬಹುದು ಎಂಬ ತೀರ್ಪನ್ನು ಆ ಜನ ಮೇಲಿನ ಕೋರ್ಟಿನಿಂದ ತಂದದ್ದು 2011ರ ಜನವರಿಯಲ್ಲಿ, ಬಾವಿ ಮುಚ್ಚಿದ ಒಂಬತ್ತು ವರ್ಷಗಳ ಮೇಲೆ.