ಕಣ್ಣಪ್ಪನ ಚರಿತೆಯನ್ನು ಓದುವ ಬಗೆ

ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಸದ್ಭಕ್ತರಿಗೆ ಕಾಳಹಸ್ತಿಯ ಕಣ್ಣಪ್ಪನು ಅಪರಿಚಿತನಲ್ಲ. ತಮಿಳಿನಲ್ಲಿ ಸೇಕ್ಕಿಳಾರನೂ ಕನ್ನಡದಲ್ಲಿ ಹರಿಹರನೂ ಹಾಡಿದ ಈ ಬೇಡನ ಚರಿತೆಯನ್ನು 1954ರ ‘ಬೇಡರ ಕಣ್ಣಪ್ಪ’ ಚಲನಚಿತ್ರವು ಮನೆಮನೆಗೆ ಮುಟ್ಟಿಸಿತು.

ಆದರೆ ವಾಚಕರೇ, ಅದನ್ನು ನಾವು ಅರ್ಧವಷ್ಟೇ ಓದುತ್ತೇವೆ. ಬಾಯ ನೀರಿನ ಅಭಿಷೇಕವನ್ನೂ ಮಾಂಸದ ನೈವೇದ್ಯವನ್ನೂ ಶಿವನು ಒಪ್ಪಿದನಾದ್ದರಿಂದ ಆಚಾರವೇ ಬೇಡವೆನ್ನುವವರುಂಟು. ಇದು ಕಾವ್ಯದ ಆಶಯಕ್ಕೆ ಸಲ್ಲದ ಅರ್ಥ. ಬೇಡನು ಕಟ್ಟಳೆಯನ್ನು ಮುರಿದವನಲ್ಲ, ಅರಿಯದವನು. ರುಚಿ ನೋಡಿ ಲೇಸಾದುದನ್ನೇ ತಂದನು. ಲಿಂಗದ ಕಣ್ಣಲ್ಲಿ ನೆತ್ತರು ಕಂಡೊಡನೆ ತನ್ನ ಕಣ್ಣನ್ನೇ ಕಿತ್ತಿಟ್ಟನು. ಎರಡನೆಯ ಕಣ್ಣಿಡಲು ಗುರುತಿಗಾಗಿ ಲಿಂಗದ ಮೇಲೆ ಪಾದವನ್ನೂರಿದ ಗಳಿಗೆಯೇ ಕಥೆಯ ಶಿಖರ. ಹೊರಗಣ್ಣಿಗೆ ಅದು ಅಪಚಾರ, ಒಳಗಣ್ಣಿಗೆ ಮಹಾಪೂಜೆ.

ಸೇಕ್ಕಿಳಾರನ ‘ಪೆರಿಯ ಪುರಾಣ’ದಲ್ಲಿ ಶಿವನು ಮಡಿವಂತ ಅರ್ಚಕನನ್ನೂ ತಳ್ಳುವುದಿಲ್ಲ, ಮರೆಯಲ್ಲಿ ನಿಲ್ಲಿಸಿ ಈ ಭಕ್ತಿಯನ್ನು ತೋರಿಸುತ್ತಾನೆ. ಅರ್ಚಕನಿಗೆ ಕೊರತೆಯಾದುದು ವಿಧಿಯಲ್ಲ, ಒಲವು.

ಕೈವಾರದಲ್ಲಿ ಬಳೆ ಮಾರುತ್ತಿದ್ದ ನಾರೇಯಣ ಯತೀಂದ್ರರನ್ನು ಜನರು ತಾತಯ್ಯನೆಂದು ನೆನೆಯುವುದೂ ವೇಷವನ್ನು ನೋಡಿ ಅಲ್ಲ. ವಿಭೂತಿ, ರುದ್ರಾಕ್ಷಿಗಳನ್ನು ನಾವು ಬಿಡಬೇಕಾಗಿಲ್ಲ. ಅವುಗಳ ಒಳಗೆ ಕಣ್ಣಪ್ಪನ ಒಲವು ಎಳ್ಳಷ್ಟಾದರೂ ಇದೆಯೇ ಎಂದು ನಿತ್ಯವೂ ಕೇಳಿಕೊಳ್ಳಬೇಕು. ಮರೆಯಲ್ಲಿ ನಿಂತ ಆ ಅರ್ಚಕನು ನಾವೇ ಅಲ್ಲವೇ?