ತದ್ರೂಪಿಯನ್ನು ಗುರುತಿಸುವವರು

ರಾಕ್ಷಸನನ್ನು ಭಯಂಕರನನ್ನಾಗಿ ಮಾಡುವುದು ಕವಿಗೆ ದೊಡ್ಡ ಕೆಲಸವಲ್ಲ. ಕೋರೆದಾಡೆ, ಕೆಂಗಣ್ಣು, ತಾಳೆಮರದ ಎತ್ತರ, ಇಷ್ಟು ಸಾಮಗ್ರಿ ಕೈಗೆ ಸಿಕ್ಕಿದರೆ ಸಾಧಾರಣ ಕವಿಯೂ ಒಂದೆರಡು ಪದ್ಯಗಳಲ್ಲಿ ಕೆಲಸ ಮುಗಿಸಿಬಿಡುತ್ತಾನೆ. ಅದೇ ರಾಕ್ಷಸ ನಮ್ಮ ಮನೆಯವನೊಬ್ಬನ ಮುಖವನ್ನು ಹೊತ್ತು, ಅವನದೇ ಧ್ವನಿಯಲ್ಲಿ ‘ಬಾಗಿಲು ತೆಗಿ’ ಎಂದು ಕೂಗಿದನೆನ್ನಿ, ಆಗ ಕಸುಬಿನ ನಿಜವಾದ ಪರೀಕ್ಷೆ. ಅಲ್ಲಿ ಹೆದರಿಸುವುದಕ್ಕೆ ಏನೂ ಇಲ್ಲ. ಇರುವುದೆಲ್ಲ ಪರಿಚಿತವೇ. ಆ ಪರಿಚಯವನ್ನೇ ಭಯವನ್ನಾಗಿ ತಿರುಗಿಸಬೇಕು.

ಈ ವಿಚಾರ ಈಗೇಕೆ ಬಂತೆಂದರೆ, ನಮ್ಮ ಕಾಲೇಜುಗಳ ಹುಡುಗರಲ್ಲಿ ಕೆಲವರು ಇಂಥ ರಾಕ್ಷಸರನ್ನು ತಾವೇ ಸೃಷ್ಟಿಸುವ ಒಂದು ಆಟಕ್ಕೆ ಮನಸ್ಸು ಕೊಟ್ಟಿದ್ದಾರೆ. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಆಟದ ಜಾತಿ ಇದು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಒಬ್ಬ ಆಡಿಸುವಾತ ಕಥೆಯನ್ನು ನಡೆಸುತ್ತಾನೆ. ಹೊಡೆದ ಏಟು ತಗುಲಿತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಮಕ್ಕಳಾಟವೆಂದು ಮೂಗು ಮುರಿಯುವವರು ಕರಾವಳಿಯ ತಾಳಮದ್ದಳೆಯನ್ನು ನೆನೆಯಬೇಕು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಒಬ್ಬ ಕರ್ಣ, ಒಬ್ಬ ಕೃಷ್ಣ, ನಡೆಸುವುದಕ್ಕೆ ಭಾಗವತರು. ವ್ಯತ್ಯಾಸವೆಂದರೆ ತಾಳಮದ್ದಳೆಯ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯಲೇಬೇಕು. ಮೇಜಿನ ಮೇಲಿನ ಕರ್ಣನಿಗೆ ದಾಳದ ದಯೆಯಿಂದ ಬದುಕುವ ಅವಕಾಶವುಂಟು.

ಆ ಆಟದ ಪುಸ್ತಕಗಳಲ್ಲಿ ೧೯೭೫ರಿಂದಲೂ ಡಾಪಲ್‌ಗ್ಯಾಂಗರ್ ಎಂಬ ಪ್ರಾಣಿಯೊಂದಿದೆ. ಹೆಸರು ಜರ್ಮನ್ ಭಾಷೆಯದು; ೧೭೯೬ರ ಕಾದಂಬರಿಯೊಂದರಲ್ಲಿ ಜ್ಯಾನ್ ಪಾಲ್ ಎಂಬ ಲೇಖಕ ಚಲಾವಣೆಗೆ ತಂದದ್ದು. ನಾವು ತದ್ರೂಪಿ ಎನ್ನೋಣ. ಎಡ್ಗರ್ ಆಲನ್ ಪೋ ೧೮೩೯ರಲ್ಲಿ, ದಸ್ತಯೆವ್‌ಸ್ಕಿ ೧೮೪೬ರಲ್ಲಿ ಬರೆದ ತದ್ರೂಪಿಯ ಕಥೆಗಳು ಪ್ರಸಿದ್ಧ. ಅಲ್ಲೆಲ್ಲ ಜಗಳ ಒಬ್ಬ ಮನುಷ್ಯನಿಗೂ ಅವನ ನೆರಳಿಗೂ ನಡುವೆ. ಎದುರು ನಿಂತವನು ನಾನೇ ಆದರೆ ನಾನು ಯಾರು ಎಂಬುದು ಪ್ರಶ್ನೆ. ಆಟದ ಪುಸ್ತಕದ ತದ್ರೂಪಿಗೆ ಅಷ್ಟು ವೇದಾಂತವಿಲ್ಲ. ಅದರ ಸ್ವಂತ ರೂಪ ಬೂದುಬಣ್ಣದ, ಕೂದಲಿಲ್ಲದ ಒಂದು ಅಪೂರ್ಣ ಮುಖ. ಎದುರಿಗಿದ್ದವರ ಮನಸ್ಸನ್ನು ಓದಿ, ಯಾರ ಆಕಾರವನ್ನಾದರೂ ತಳೆದು, ಗುಂಪಿನಲ್ಲಿ ಸೇರಿ, ಸಮಯ ನೋಡಿ ಎರಗುತ್ತದೆ. ಪುಸ್ತಕ ಅದರ ಬಲಾಬಲವನ್ನೆಲ್ಲ ಅಂಕಿಗಳಲ್ಲಿ ಕೊಡುತ್ತದೆ. ಅಚ್ಚುಕಟ್ಟಾದ ಕೆಲಸ, ಸಂದೇಹವಿಲ್ಲ. ಆದರೆ ಆ ಪುಟವನ್ನು ಓದಿ ಮುಗಿಸಿದಾಗ ನನಗೆ ಒಂದು ಕೊರತೆ ಕಂಡಿತು. ತದ್ರೂಪಿಯ ವಿಷಯ ಎಲ್ಲವೂ ಇದೆ. ಅದನ್ನು ಗುರುತಿಸಬೇಕಾದವರ ವಿಷಯ ಏನೂ ಇಲ್ಲ.

ನಮ್ಮ ಕಥೆಗಳು ಇದಕ್ಕೆ ತದ್ವಿರುದ್ಧವಾದ ಕಡೆಯಿಂದ ಹೊರಡುತ್ತವೆ. ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ಹಾಡಿದ ನಳಚರಿತ್ರೆ ಕನ್ನಡಿಗರಿಗೆ ಹೊಸತಲ್ಲ. ಅದರ ಮೂಲವಾದ ವ್ಯಾಸಭಾರತದ ನಳೋಪಾಖ್ಯಾನದಲ್ಲಿ ಸ್ವಯಂವರದ ಸಭೆಯನ್ನು ನೋಡಿ. ಇಂದ್ರ, ಅಗ್ನಿ, ಯಮ, ವರುಣರು ನಾಲ್ವರೂ ನಳನ ರೂಪದಲ್ಲಿ ಕುಳಿತಿದ್ದಾರೆ, ಐದನೆಯವನು ನಳ. ದಮಯಂತಿಯ ಕೈಯಲ್ಲಿ ಒಂದೇ ಮಾಲೆ. ಅವಳು ಮಾಡುವುದೇನು? ಕಣ್ಣನ್ನು ನಂಬುವುದಿಲ್ಲ. ತನ್ನ ಸತ್ಯವನ್ನು ಆಣೆಯಿಟ್ಟು, ನಿಮ್ಮ ನಿಮ್ಮ ಗುರುತನ್ನು ತೋರಿಸಿರೆಂದು ದೇವತೆಗಳನ್ನೇ ಬೇಡುತ್ತಾಳೆ. ಆಗ ಕಂಡ ಗುರುತುಗಳಾದರೂ ಎಂಥವು! ದೇವತೆಗಳಿಗೆ ಬೆವರಿಲ್ಲ, ಅವರು ರೆಪ್ಪೆ ಮಿಟುಕಿಸುವುದಿಲ್ಲ, ಅವರ ಹೂಮಾಲೆ ಬಾಡಿಲ್ಲ, ಪಾದ ನೆಲ ಮುಟ್ಟಿಲ್ಲ. ನಳನ ಮಾಲೆ ಬಾಡಿದೆ, ಮೈಯಲ್ಲಿ ಬೆವರೂ ಧೂಳೂ ಇವೆ, ಅವನಿಗೆ ನೆರಳಿದೆ, ಅವನು ರೆಪ್ಪೆ ಮಿಟುಕಿಸುತ್ತಾನೆ. ನಕಲಿನಲ್ಲಿ ಕೊರತೆ ಹುಡುಕುವುದು ನಮ್ಮೆಲ್ಲರ ರೂಢಿ. ಇಲ್ಲಿ ಕೊರತೆಯಿರುವುದು ಅಸಲಿನಲ್ಲಿ. ಆ ಕೊರತೆಯೇ ಅಸಲಿನ ಗುರುತು. ದಮಯಂತಿ ಬಾಡಿದ ಮಾಲೆಯವನಿಗೆ ಹೊಸ ಮಾಲೆಯನ್ನು ಹಾಕುತ್ತಾಳೆ. ತದ್ರೂಪಿಯನ್ನು ಸೃಷ್ಟಿಸಹೊರಟವರಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.

ವಾಲ್ಮೀಕಿಯ ಯುದ್ಧಕಾಂಡದ ಮಾಯಾಸೀತೆ ಬೇರೆಯದೇ ರೀತಿ. ಇಂದ್ರಜಿತು ಮಾಯೆಯ ಸೀತೆಯನ್ನು ರಥದ ಮೇಲೆ ತಂದು ಹನುಮಂತನ ಕಣ್ಣೆದುರಿಗೇ ಕಡಿಯುತ್ತಾನೆ. ಈ ತದ್ರೂಪಿ ಯಾರ ಮೇಲೂ ಎರಗುವುದಿಲ್ಲ. ಒಂದು ಏಟನ್ನೂ ಹೊಡೆಯುವುದಿಲ್ಲ. ಸಾಯುವುದೇ ಅದರ ಕೆಲಸ. ಅಷ್ಟಕ್ಕೇ ಹನುಮಂತನ ಯುದ್ಧ ನಿಲ್ಲುತ್ತದೆ, ರಾಮ ಮೂರ್ಛೆ ಹೋಗುತ್ತಾನೆ, ನಿಕುಂಭಿಲೆಯ ಯಾಗಕ್ಕೆ ಇಂದ್ರಜಿತುವಿಗೆ ಬೇಕಾದ ಸಮಯ ಸಿಗುತ್ತದೆ. ಇದನ್ನು ಗುರುತಿಸಿದವನು ವಿಭೀಷಣ. ಅವನು ಮಾಯಾಸೀತೆಯ ಮುಖವನ್ನು ಪರೀಕ್ಷಿಸಲಿಲ್ಲ. ಅವನು ಬಲ್ಲದ್ದು ಅಣ್ಣನ ಮನಸ್ಸನ್ನು. ಸೀತೆಯ ಮೇಲೆ ರಾವಣನ ಆಸೆ ಎಂಥದೆಂದು ತಿಳಿದವನಿಗೆ, ಅವಳನ್ನು ಕೊಲ್ಲಲು ಆತ ಎಂದಿಗೂ ಬಿಡಲಾರನೆಂಬುದೂ ತಿಳಿದಿತ್ತು. ರಾಮನಿಗೆ ತನ್ನ ಹೆಂಡತಿ ಬದುಕಿದ್ದಾಳೆಂಬ ಭರವಸೆ ಬಂದದ್ದು ಅವಳನ್ನು ಕದ್ದವನ ಆಸೆಯ ಸಾಕ್ಷ್ಯದಿಂದ ಎಂಬುದು ಎಷ್ಟು ಕಹಿಯಾದ ಸಂಗತಿ!

ವಾಲಿ ಸುಗ್ರೀವರದು ಹುಟ್ಟಿನಿಂದಲೇ ಬಂದ ಸಾಮ್ಯ, ಮೋಸವಿಲ್ಲ. ಆದರೂ ರಾಮನ ಬಾಣ ಬಿಲ್ಲಿನಲ್ಲೇ ಉಳಿಯಿತು, ಸುಗ್ರೀವ ಪೆಟ್ಟು ತಿಂದು ಓಡಿದ. ಎರಡನೆಯ ಸಲ ಲಕ್ಷ್ಮಣ ಅವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಕಟ್ಟಬೇಕಾಯಿತು. ಗುರುತು ಇಲ್ಲದಿದ್ದರೆ ನಾವೇ ಕಟ್ಟಿಕೊಳ್ಳಬೇಕು ಎಂಬ ಈ ಸರಳ ಬುದ್ಧಿ ಸಿನಿಮಾದವರ ಕೈಗೆ ಸಿಕ್ಕಿ ಏನಾಯಿತೆಂಬುದನ್ನು ನಾವು ಬಲ್ಲೆವು. ರಾಜಕುಮಾರ್ ದ್ವಿಪಾತ್ರ ವಹಿಸಿದ ೧೯೬೩ರ ‘ಸತಿ ಶಕ್ತಿ’ಯಿಂದ ಈಚೆಗೆ ಒಬ್ಬನೇ ನಟ ಸಜ್ಜನನೂ ದುರ್ಜನನೂ ಆಗುವ ಚಿತ್ರಗಳು ಬೇಕಾದಷ್ಟು ಬಂದಿವೆ. ನಟರ ಶ್ರಮ ದೊಡ್ಡದು. ಬರೆದವರ ಶ್ರಮ ಬಹುಪಾಲು ಒಂದು ಮೀಸೆಯಲ್ಲಿ, ಇಲ್ಲವೆ ಕೆನ್ನೆಯ ಒಂದು ಮಚ್ಚೆಯಲ್ಲಿ ಮುಗಿದಿರುತ್ತದೆ.

ಹಾಗಾದರೆ ಗುರುತಿಸಲು ಸೋತವರ ಗತಿ? ಕಥೆಯ ತಿರುಳಿರುವುದು ಇಲ್ಲಿ. ಗೌತಮನ ವೇಷದಲ್ಲಿ ಬಂದವನು ಇಂದ್ರ, ಕಲ್ಲಾದವಳು ಅಹಲ್ಯೆ. ವಾಲ್ಮೀಕಿಯ ಅಹಲ್ಯೆ ಬಂದವನು ಇಂದ್ರನೆಂದು ತಿಳಿದೇ ಒಪ್ಪಿದವಳು. ಅವಳಿಗೆ ಕಲ್ಲಿನ ಶಾಪವೂ ಇಲ್ಲ; ಗಾಳಿಯೇ ಆಹಾರವಾಗಿ, ಯಾರಿಗೂ ಕಾಣದೆ, ಬೂದಿಯಲ್ಲಿ ಬಿದ್ದಿರಬೇಕಾದ ಶಾಪ. ಮುಂದಿನವರು ಹೇಳುತ್ತ ಬಂದ ಕಥೆಗಳಲ್ಲಿ ಅವಳು ಏನೂ ಅರಿಯದವಳಾದಳು, ಶಾಪ ಮಾತ್ರ ಕಲ್ಲಾಗಿ ಗಟ್ಟಿಯಾಯಿತು. ತಪ್ಪು ಕಡಿಮೆಯಾದಂತೆ ದಂಡ ಹೆಚ್ಚಿದ ಈ ವಿಚಿತ್ರವನ್ನು ನಮ್ಮ ಪಂಡಿತರು ಇನ್ನಷ್ಟು ಯೋಚಿಸಬೇಕಾಗಿತ್ತು. ತದ್ರೂಪಿಯ ಕಥೆಯಲ್ಲಿ ಅಸಲಿಗೆ ಆಗುವ ನಷ್ಟ ಅಲ್ಪ, ನಕಲಿಗೆ ಆಗುವ ಶಿಕ್ಷೆ ತಾತ್ಕಾಲಿಕ. ಬಾಗಿಲು ತೆರೆದವರು ಮಾತ್ರ ಪೂರ್ತಿ ಬೆಲೆಯನ್ನು ತೆರುತ್ತಾರೆ. ಬಾಗಿಲು ತೆರೆಯುವವರು ಸಾಮಾನ್ಯವಾಗಿ ಹೆಂಗಸರು.

ಗಿರೀಶ ಕಾರ್ನಾಡರು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದು ೧೯೮೮ರಲ್ಲಿ ತಂದ ‘ನಾಗಮಂಡಲ’ ಈ ಲೆಕ್ಕವನ್ನು ಕೈಗೆತ್ತಿಕೊಂಡ ನಾಟಕ. ಗಂಡ ಅಪ್ಪಣ್ಣ ಹಗಲಿನ ಊಟಕ್ಕೆ ಮಾತ್ರ ಮನೆಗೆ ಬರುವವನು. ಉಳಿದಂತೆ ರಾಣಿಯನ್ನು ಒಳಗಿಟ್ಟು ಬೀಗ ಹಾಕುವವನು. ರಾತ್ರಿ ಅವನದೇ ರೂಪದಲ್ಲಿ ಬಂದು ಪ್ರೀತಿಯ ಮಾತಾಡುವವನು ನಾಗ. ಗುರುತುಗಳು ಇಲ್ಲದಿಲ್ಲ. ಮೈ ತಣ್ಣಗಿದೆ, ರಾತ್ರಿಯ ಗಾಯ ಹಗಲಿನ ಮೈಯಲ್ಲಿ ಕಾಣುವುದಿಲ್ಲ, ಕನ್ನಡಿಯಲ್ಲೊಮ್ಮೆ ಹಾವೇ ಕಂಡುಹೋಗುತ್ತದೆ. ರಾಣಿ ನೋಡುತ್ತಾಳೆ, ನೋಡಿಯೂ ಮುಂದೆ ಕೇಳುವುದಿಲ್ಲ. ಯಾಕೆ ಕೇಳಬೇಕು? ಕೇಳಿದರೆ ಉಳಿಯುವವನು ಅಪ್ಪಣ್ಣ! ದುಷ್ಟ ತದ್ರೂಪಿ ಎಂಬ ಮಾತಿನ ಬುಡವೇ ಇಲ್ಲಿ ಅಲುಗುತ್ತದೆ. ನಕಲಿ ಮನುಷ್ಯನಂತಿದ್ದಾನೆ, ಅಸಲಿ ಮನುಷ್ಯನಂತಿಲ್ಲ. ಬಸಿರಾದವಳನ್ನು ಊರ ಮುಂದೆ ನಿಲ್ಲಿಸಿದಾಗ ಅವಳು ಹುತ್ತಕ್ಕೆ ಕೈಯಿಟ್ಟು ಹಾವನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಯಾರನ್ನೂ ಮುಟ್ಟಿದವಳಲ್ಲವೆಂದು ಆಣೆಯಿಡುತ್ತಾಳೆ. ಅಕ್ಷರಶಃ ಸತ್ಯ. ದಮಯಂತಿಯ ಸತ್ಯ ಅವಳಿಗೆ ಗುರುತನ್ನು ಕೊಟ್ಟಿತು. ರಾಣಿಯ ಸತ್ಯ ಜೀವವನ್ನುಳಿಸಿ, ದೇವಿಯೆಂಬ ಹೆಸರು ಕೊಟ್ಟು, ಅದೇ ಅಪ್ಪಣ್ಣನ ಮನೆಗೆ ಕಳಿಸಿತು.

ಈ ನಾಟಕವನ್ನು ಮೆಚ್ಚಿಕೊಂಡೇ ಒಂದು ಆಕ್ಷೇಪವನ್ನು ಹೇಳಬೇಕು. ನಾಗನ ಮೇಲೆ ನಾಟಕಕಾರರಿಗೆ ಒಲವು ತುಸು ಹೆಚ್ಚಾಯಿತು. ಅವನೆಷ್ಟೇ ಸವಿಮಾತಿನವನಾಗಲಿ, ರಾಣಿಯನ್ನು ಕೇಳಿ ಬಂದವನಲ್ಲ. ಇಂದ್ರ ಮಾಡಿದ ಕೆಲಸವನ್ನೇ ಅವನೂ ಮಾಡಿದ. ಪ್ರೇಕ್ಷಕರು ಅವನನ್ನು ಕ್ಷಮಿಸುವುದು ಅಪ್ಪಣ್ಣ ಅಷ್ಟು ಕೆಟ್ಟವನೆಂಬ ಕಾರಣದಿಂದ. ಅಪ್ಪಣ್ಣ ನಮ್ಮ ನಿಮ್ಮಂಥ ಸಾಧಾರಣ ಗಂಡನಾಗಿದ್ದು, ನಾಗನೂ ಹೀಗೆಯೇ ಬಂದಿದ್ದರೆ ನಾಟಕ ಇನ್ನೂ ಕಷ್ಟದ್ದಾಗುತ್ತಿತ್ತು. ಇನ್ನೂ ದೊಡ್ಡದಾಗುತ್ತಿತ್ತೆಂದು ನನ್ನ ಭಾವನೆ.

ಯಕ್ಷಗಾನದವರು ಈ ತೊಡಕನ್ನು ಬಿಡಿಸಿದ ರೀತಿಯೇ ಬೇರೆ. ಮಾಯಾ ಶೂರ್ಪನಖಿಗೆ ಸ್ತ್ರೀವೇಷದವರು, ಘೋರ ಶೂರ್ಪನಖಿಗೆ ಬಣ್ಣದ ವೇಷದವರು. ಒಂದೇ ಪಾತ್ರ, ಎರಡು ಮೈ. ಸಭೆಯಲ್ಲಿ ಕುಳಿತ ಮಗುವಿಗೂ ಯಾರು ಬಂದರೆಂಬುದು ಗೊತ್ತು, ಗೊತ್ತಿರಬೇಕಾದವರಿಗೆ ಗೊತ್ತಿಲ್ಲ. ಅಲ್ಲಿಯ ಸ್ವಾರಸ್ಯವೇ ಅದು. ಮೇಜಿನ ಆಟದಲ್ಲಿ ಈ ಸೌಕರ್ಯವಿಲ್ಲ, ಏಕೆಂದರೆ ನೋಡುವವರೂ ಮೋಸಹೋಗುವವರೂ ಒಬ್ಬರೇ.

ಆಟಕ್ಕೆ ಹತ್ತಿರವಾದದ್ದನ್ನು ಹುಡುಕಿದರೆ ನಮ್ಮ ಕಡೆಯ ಬಾಗಿಲುಗಳಲ್ಲೇ ಸಿಕ್ಕುತ್ತದೆ. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಣ ಹಳ್ಳಿಗಳಲ್ಲೂ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದನ್ನು ನೋಡಿದವರು ಬಹಳ ಮಂದಿ ಇದ್ದಾರೆ. ರಾತ್ರಿ ಹೊತ್ತು ದೆವ್ವವೊಂದು ಬಂಧುಗಳ ಧ್ವನಿಯಲ್ಲಿ ಕರೆಯುತ್ತದೆ, ಓಗೊಟ್ಟು ತೆರೆದವರು ಕೆಟ್ಟರು ಎಂಬ ಸುದ್ದಿ. ಬಾಗಿಲ ಬರಹವನ್ನು ಓದಿ ದೆವ್ವ ಹಿಂದಿರುಗುವುದು; ಮರುದಿನ ಬಂದು ಮತ್ತೆ ಓದುವುದು. ಅಕ್ಷರ ಬಲ್ಲ, ಹೇಳಿದ ಮಾತು ಕೇಳುವ ಇಂಥ ವಿದ್ಯಾರ್ಥಿ ಕನ್ನಡ ಅಧ್ಯಾಪಕರಿಗೆ ಸಿಕ್ಕುವುದು ಅಪರೂಪ. ಹಾಸ್ಯ ಹಾಗಿರಲಿ; ಈ ಕಲ್ಪನೆಯ ಹೆಚ್ಚುಗಾರಿಕೆ ನೋಡಿ. ದೆವ್ವಕ್ಕೆ ರೂಪವೇ ಇಲ್ಲ. ಇರುವುದು ಒಂದು ಧ್ವನಿ, ಒಂದು ಬಾಗಿಲು, ಬಾಗಿಲಿನ ಒಳಗಡೆ ಸಂದೇಹಪಡುವ ಒಬ್ಬರು. ಹೊರಗಿರುವುದು ನಿಜವಾದ ತಾಯಿಯೇ ಆಗಿದ್ದರೆ, ಆ ಬರಹವನ್ನು ಓದಿಕೊಂಡು ಕತ್ತಲಲ್ಲಿ ನಿಂತವಳು ಅವಳು.

ನನ್ನ ಬಿ.ಎ. ತರಗತಿಯಲ್ಲಿರುವ ದೊಡ್ಡಆಲಹಳ್ಳಿಯ ಹುಡುಗನೊಬ್ಬ ಈ ಬಗೆಯ ಆಟವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದಾನೆ. ಅವನ ತದ್ರೂಪಿಯ ಹೆಸರು ನೆರಳಾಳು. ನೋಟ್‌ಪುಸ್ತಕದ ಹೆಚ್ಚಿನ ಪುಟಗಳು ಹೊರಗಿನ ಪುಸ್ತಕದ ಪಡಿಯಚ್ಚು: ಬಲ ಇಷ್ಟು, ವೇಗ ಇಷ್ಟು, ಉಗುರು ಇಷ್ಟುದ್ದ. ನಡುವೆ ಒಂದು ಪುಟ ಮಾತ್ರ ಅವನದೇ. ಕನಕಪುರದಿಂದ ಅವನ ಊರಿನ ಮೇಲೆ ಹೋಗುವ ದಾರಿ ಸಂಗಮಕ್ಕೆ ಮುಟ್ಟುತ್ತದೆ. ಮೇಕೆದಾಟಿಗೆ ಹೋಗುವವರು, ನೀರಿರುವ ಕಾಲದಲ್ಲಿ, ಅಲ್ಲಿ ಅರ್ಕಾವತಿಯನ್ನು ಹರಿಗೋಲಿನಲ್ಲಿ ದಾಟಬೇಕು. ಕಥೆಯಲ್ಲಿ ಹರಿಗೋಲು ಹತ್ತಿದವರು ಐದು ಜನ, ಆಚೆ ದಡದಲ್ಲಿ ಇಳಿದವರು ಆರು. ಇಬ್ಬರದು ಒಂದೇ ಮುಖ. ಹೊಳೆ ದಾಟಿ ತಲೆ ಎಣಿಸಿ, ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಮುಳುಗಿದನೆಂದು ಅತ್ತ ಪೆದ್ದ ಶಿಷ್ಯರ ಕಥೆಯನ್ನು ಹುಡುಗ ತಿರುಗಿಸಿ ಹೊಲಿದಿದ್ದಾನೆ. ಅಲ್ಲಿಗೆ ಬಂದಾಗ ನಾನು ಎದ್ದು ಕುಳಿತೆ. ಮುಂದಿನ ಸಾಲಿನಲ್ಲೇ ನೆರಳಾಳು ಉಗುರು ಚಾಚಿ ಮೇಲೆ ಬೀಳುತ್ತದೆ. ಉಗುರು ಕಂಡ ಕೂಡಲೆ ಅದು ಬರಿಯ ರಾಕ್ಷಸ. ದಾಳ ಉರುಳಿಸಿ ಕೊಲ್ಲಬಹುದು.

ಉಗುರನ್ನು ಹೊಡೆದುಹಾಕು ಎಂದೆ. ಆ ಇಬ್ಬರಲ್ಲಿ ಒಬ್ಬನನ್ನು ಆ ಪಾತ್ರದ ಆಟಗಾರನೂ ಇನ್ನೊಬ್ಬನನ್ನು ಆಡಿಸುವಾತನೂ ಆಡಲಿ. ಅಸಲು ಯಾರೆಂಬುದನ್ನು ಚೀಟಿ ಎತ್ತಿ ಗುಟ್ಟಾಗಿ ನಿಶ್ಚಯಿಸಿಕೊಳ್ಳಲಿ. ಉಳಿದ ನಾಲ್ವರು ಏನು ಬೇಕಾದರೂ ಕೇಳಬಹುದು. ಗೆಳೆಯನನ್ನು ಗೆಳೆಯನೆಂದು ಗೊತ್ತುಮಾಡಿಕೊಳ್ಳಲು ನಾವು ಏನನ್ನು ಕೇಳುತ್ತೇವೆ? ಅಂಥ ಪ್ರಶ್ನೆ ನಮ್ಮಲ್ಲಿ ಎಷ್ಟು ಜನರ ಬಳಿ ಇದೆ? ಹಿಂದಿರುಗುವ ಹರಿಗೋಲಿನಲ್ಲಿ ಐವರಿಗೇ ಜಾಗ. ತಪ್ಪಾದವನನ್ನು ಬಿಟ್ಟುಬಂದರೆ ಊರಿನಲ್ಲಿ ಅವನ ತಾಯಿಗೆ ಅವರೇ ಉತ್ತರ ಹೇಳಬೇಕು.

ಹುಡುಗ ಎಲ್ಲವನ್ನೂ ಕೇಳಿ, ಪೆನ್ನಿನ ತುದಿ ಕಚ್ಚಿಕೊಂಡು, ‘ಇಬ್ರೂ ಚೀಟಿ ಬಿಚ್ಚಿ ನೋಡ್ದೆಲೇ ಆಡುದ್ರೆ ಆಯ್ತದಾ ಸಾರ್?’ ಎಂದ. ಆಗುತ್ತದೆಂದೆ. ಆಟವನ್ನು ಇನ್ನೂ ಆಡಿಲ್ಲ. ಪರೀಕ್ಷೆ ಮುಗಿಯಲೆಂದು ಹೇಳಿದ್ದೇನೆ.